ಬೀಗದ ಬಾಗಿಲು, ಬೇರೆಯವರ ಬೆರಳು

ಕಾರ್ಖಾನೆಯ ಯಂತ್ರಕ್ಕೆ ಇರುವ ಆಯುಷ್ಯ ಅದನ್ನು ನಡೆಸುವ ಸಾಫ್ಟ್‌ವೇರ್‌ಗೆ ಇಲ್ಲ. ಸೀಮೆನ್ಸ್ ಕಂಪನಿ ಸಿಮ್ಯಾಟಿಕ್ ಎಸ್5 ಎಂಬ ಪಿಎಲ್‌ಸಿ, ಅಂದರೆ ಯಂತ್ರವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರುಗಳ, ಸರಣಿಯನ್ನು ಮಾರುಕಟ್ಟೆಗೆ ಬಿಟ್ಟದ್ದು 1979ರಲ್ಲಿ. ಅದರ ಉತ್ತರಾಧಿಕಾರಿ ಎಸ್7 ಬಂದದ್ದು 1990ರ ದಶಕದ ನಡುವಿನಲ್ಲಿ. ಹೊಸದು ಬಂತೆಂದು ಹಳೆಯದನ್ನು ಯಾರೂ ಕಿತ್ತೆಸೆಯಲಿಲ್ಲ. ಎಸ್5 ಕೂತಿದ್ದ ಪ್ರೆಸ್ಸು, ಫರ್ನೇಸು, ಪ್ಯಾಕಿಂಗ್ ಲೈನುಗಳು ಆಮೇಲೂ ದಶಕಗಟ್ಟಲೆ ದುಡಿದವು. ಉಕ್ಕಿನ ಚೌಕಟ್ಟು, ಹೈಡ್ರಾಲಿಕ್ ಸಿಲಿಂಡರು, ಮೋಟಾರು ಮೂವತ್ತು ವರ್ಷ ಬಾಳಬಲ್ಲವು. ಒಳಗಿನ ಲ್ಯಾಡರ್ ಪ್ರೋಗ್ರಾಂ ತೆರೆದು ನೋಡಬೇಕೆಂದರೆ ಮಾತ್ರ ಡಾಸ್ ಕಾಲದ ಸಾಫ್ಟ್‌ವೇರ್ ಬೇಕು, ಆ ಕಾಲದ ಕೇಬಲ್ ಬೇಕು, ಇವೆರಡನ್ನೂ ಒಪ್ಪುವ ಹಳೆಯ ಕಂಪ್ಯೂಟರ್ ಬೇಕು. ಆಮೇಲಿನ ಯಂತ್ರಗಳ ಪಾಡೂ ಬೇರೆಯಲ್ಲ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿತು; ಎಕ್ಸ್‌ಪಿಯನ್ನೇ ನಂಬಿಕೊಂಡ ಯಂತ್ರಗಳು ಅಂದು ನಿಲ್ಲಲಿಲ್ಲ. ಈ ಅಂತರದಲ್ಲಿ ಕ್ರ್ಯಾಕ್ ಹುಟ್ಟುತ್ತದೆ. ರಾತ್ರಿ ಪಾಳಿಯಲ್ಲಿ ಲೈನ್ ನಿಂತಿದೆ, ಪ್ರೋಗ್ರಾಂನ ಬ್ಯಾಕಪ್ ಇಲ್ಲ, ಯಂತ್ರ ಕಟ್ಟಿಕೊಟ್ಟವರು ಅಂಗಡಿ ಮುಚ್ಚಿದ್ದಾರೆ, ಪಾಸ್‌ವರ್ಡ್ ಗೊತ್ತಿದ್ದವರು ಕೆಲಸ ಬಿಟ್ಟಿದ್ದಾರೆ ಎಂಬಂಥ ಹೊತ್ತಿನಲ್ಲಿ ಮೇಂಟೆನೆನ್ಸ್‌ನವರ ಬಳಿ ಒಂದು ಪೆನ್‌ಡ್ರೈವ್ ಇರುತ್ತದೆ, ಅದರಲ್ಲಿ ಕೀಲಿ ಮುರಿದ ಆವೃತ್ತಿ ಇರುತ್ತದೆ. ಪೀಣ್ಯದಲ್ಲಾಗಲಿ ಪೋಲೆಂಡಿನಲ್ಲಾಗಲಿ ಹಳೆಯ ಯಂತ್ರ ಇಟ್ಟುಕೊಂಡವರಿಗೆ ಈ ಸಂದರ್ಭವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದು ಕಳವೇ ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಹಣ ಕೊಡದೆ ತೆಗೆದುಕೊಂಡದ್ದು ಕಳವೇ ಎನ್ನುತ್ತದೆ ಒಂದು. ಕಂಪನಿ ಮಾರುವುದನ್ನೇ ಬಿಟ್ಟ ಮೇಲೆ ಯಾರ ಗಂಟು ಹೋಯಿತು ಎಂದು ಕೇಳುತ್ತದೆ ಇನ್ನೊಂದು. ಇಬ್ಬರೂ ಜಗಳವಾಡುವುದು ಕಂಪನಿಯ ಕಡೆ ಮುಖ ಮಾಡಿಕೊಂಡು. ಆ ಪ್ರೆಸ್ಸಿನ ಬಾಯಿಗೆ ದಿನಕ್ಕೆ ನೂರಾರು ಸಲ ಕೈ ಚಾಚಿ ತಗಡು ಇಡುವ ಹೆಲ್ಪರ್ ಈ ಜಗಳದಲ್ಲಿ ಎಲ್ಲೂ ಬರುವುದಿಲ್ಲ. ಅವನು ಏನನ್ನೂ ನಕಲು ಮಾಡಿಲ್ಲ, ಏನನ್ನೂ ಉಳಿಸಿಕೊಂಡಿಲ್ಲ, ಲ್ಯಾಪ್‌ಟಾಪಿನಲ್ಲಿ ಏನಿದೆ ಎಂಬುದೂ ಅವನಿಗೆ ತಿಳಿದಿಲ್ಲ. ಲೈಟ್ ಕರ್ಟನ್ ಎಂಬ ಬೆಳಕಿನ ಪರದೆ ದಾಟಿ ಕೈ ಹೋದರೆ ಪ್ರೆಸ್ಸಿನ ರ‍್ಯಾಮ್ ನಿಲ್ಲುತ್ತದೆ ಎಂಬ ಒಂದು ಭರವಸೆಯ ಮೇಲೆ ಅವನ ಇಡೀ ಪಾಳಿ ನಿಂತಿದೆ. ನನ್ನ ವಾದ ಇಷ್ಟೇ: ಕೀಲಿ ಮುರಿದ ಹಳೆಯ ಸಾಫ್ಟ್‌ವೇರ್‌ನ ಪ್ರಕರಣದಲ್ಲಿ ಧರ್ಮದ ತೂಕವಿರುವುದು ಕಂಪನಿಗೆ ಆದ ನಷ್ಟದಲ್ಲಿ ಅಲ್ಲ, ಆ ಭರವಸೆಯನ್ನು ಅವನಿಗೆ ಹೇಳದೆ ಕೇಳದೆ ಪಣಕ್ಕೆ ಇಟ್ಟದ್ದರಲ್ಲಿ.

ಕಳವನ್ನು ಕುರಿತು ಬಹಳ ಬಿಗಿಯಾಗಿ ಯೋಚಿಸಿದವರು ನಮ್ಮಲ್ಲಿ ಜೈನರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಕಳವನ್ನು ಕೊಡದಿರುವುದನ್ನು ತೆಗೆದುಕೊಳ್ಳುವುದು ಎಂದು ವಿವರಿಸುತ್ತದೆ. ಅದಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದವನು ಶ್ರವಣಬೆಳಗೊಳದ ಶಾಸನಗಳು ಹೊಗಳುವ ಪೂಜ್ಯಪಾದ. ಅವನು ಒಂದು ಆಕ್ಷೇಪವನ್ನು ತಾನೇ ಎತ್ತುತ್ತಾನೆ. ಭಿಕ್ಷೆಗೆ ಹೊರಟ ಮುನಿ ಊರ ಬೀದಿಯಲ್ಲಿ ನಡೆಯುತ್ತಾನೆ, ಊರಬಾಗಿಲನ್ನು ಹೊಕ್ಕು ಹೋಗುತ್ತಾನೆ. ಅವನ್ನು ಯಾರೂ ಅವನಿಗೆ ಕೈಯೆತ್ತಿ ಕೊಟ್ಟಿಲ್ಲ, ಹಾಗಾದರೆ ಅವನೂ ಕಳ್ಳನೇ? ಅಲ್ಲ, ಅವು ಎಲ್ಲರಿಗೂ ಬಿಟ್ಟಿರುವಂಥವು ಎಂಬುದು ಪೂಜ್ಯಪಾದನ ಉತ್ತರ. ಅದೇ ಮುನಿ ಮುಚ್ಚಿದ ಬಾಗಿಲನ್ನು ಹೊಗುವುದಿಲ್ಲ. ಇಷ್ಟಕ್ಕೇ ನಿಲ್ಲದೆ ಪೂಜ್ಯಪಾದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಕಳವನ್ನು ಕಳವಾಗಿಸುವುದು ಪ್ರಮಾದ, ಅಂದರೆ ಎಚ್ಚರಗೇಡಿಯಾದ, ಕಲುಷಿತವಾದ ಪ್ರವೃತ್ತಿ, ಅದು ಇದ್ದಲ್ಲಿ ವಸ್ತು ಕೈಗೆ ಸಿಕ್ಕರೂ ಸಿಗದಿದ್ದರೂ ಕಳವು ಆಯಿತು. ಗೃಹಸ್ಥನ ಅಸ್ತೇಯ ವ್ರತಕ್ಕೆ ಧಕ್ಕೆ ತರುವ ಐದು ದೋಷಗಳನ್ನೂ ಅದೇ ಸೂತ್ರಗ್ರಂಥ ಪಟ್ಟಿ ಮಾಡುತ್ತದೆ. ಕಳ್ಳನಿಗೆ ಕುಮ್ಮಕ್ಕು ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು ಇವು ಮೂರಾದರೆ, ಸುಳ್ಳು ತೂಕ ಅಳತೆ ಮತ್ತು ಅಸಲಿಯಂತೆ ಕಾಣುವ ನಕಲಿಯ ವ್ಯವಹಾರ ಉಳಿದೆರಡು. ಈ ಕೊನೆಯ ಎರಡರಲ್ಲಿ ಕದಿಯುವ ಕ್ರಿಯೆಯೇ ಕಾಣುವುದಿಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ ನಷ್ಟಪಡುವವನು ತಕ್ಕಡಿಯನ್ನು ನಂಬಿ ಎದುರು ನಿಂತವನು.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡೋಣ. ಕಂಪನಿಯ ವಿರುದ್ಧದ ಕಳವು ಈ ಪ್ರಕರಣಗಳಲ್ಲಿ ಅನೇಕ ಸಲ ತೀರ ತೆಳುವಾಗಿರುತ್ತದೆ. 1990ರ ದಶಕದಲ್ಲಿ ಸೀಮೆನ್ಸ್, ರಾಕ್‌ವೆಲ್‌ನಂಥ ಕಂಪನಿಗಳು ಪರವಾನಗಿಯನ್ನು ಫ್ಲಾಪಿಯಲ್ಲಿ ಕೊಡುತ್ತಿದ್ದವು. ಅದನ್ನು ಫ್ಲಾಪಿಯಿಂದ ಹಾರ್ಡ್‌ಡಿಸ್ಕಿಗೆ, ಮತ್ತೆ ಫ್ಲಾಪಿಗೆ ಸಾಗಿಸಬೇಕಿತ್ತು. ಡಿಸ್ಕ್ ಕೆಟ್ಟರೆ ಪೂರ್ತಿ ಬೆಲೆ ಕೊಟ್ಟು ಕೊಂಡ ಹಕ್ಕೂ ಅದರೊಂದಿಗೆ ಕೆಟ್ಟಿತು. ಬೇರೆ ಕೆಲವು ಕಡೆ ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಡಾಂಗಲ್ ಇತ್ತು. ಹಾಳಾದ, ಬದಲಿ ಸಿಗದ ಡಾಂಗಲ್‌ನಿಂದ ಬಂದಿಯಾದ ಸಾಫ್ಟ್‌ವೇರ್‌ನ ಮಟ್ಟಿಗೆ ಬೀಗ ಮುರಿಯಲು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2003ರಲ್ಲಿ ವಿನಾಯಿತಿ ಕೊಟ್ಟಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕೂಡ ನ್ಯಾಯವಾಗಿ ಪ್ರತಿ ಹೊಂದಿದವನು ನಷ್ಟ, ನಾಶಗಳಿಂದ ಕಾಪಾಡಿಕೊಳ್ಳಲು ಬ್ಯಾಕಪ್ ಮಾಡಿಟ್ಟುಕೊಳ್ಳುವುದನ್ನು ತಪ್ಪೆನ್ನುವುದಿಲ್ಲ. ಅದೇ ಕಾಯ್ದೆಯ 63ಬಿ ಕಲಂ ನಕಲಿ ಎಂದು ತಿಳಿದೂ ಬಳಸುವವನಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆಂಬುದು ನಿಜ. ಆದರೂ ತನ್ನದೇ ಪರವಾನಗಿಯ ಫ್ಲಾಪಿ ಕೊಳೆತುಹೋಯಿತೆಂದು ಕ್ರ್ಯಾಕ್ ಬಳಸಿದ ಸಣ್ಣ ಕಾರ್ಖಾನೆಯವನನ್ನು ಒಮ್ಮೆಯೂ ಪರವಾನಗಿ ಕೊಳ್ಳದವನ ಜೊತೆ ಒಂದೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಪೂಜ್ಯಪಾದನ ಬಾಗಿಲಿನ ಮಾತಿನಲ್ಲಿ ಹೇಳುವುದಾದರೆ, ಇದು ಮನೆಯವನೇ ಬೀಗದ ಹೊರಗೆ ಉಳಿದ ಸ್ಥಿತಿ.

ಆದರೆ ಬೀಗ ತೆಗೆಯಲು ಅವನು ಯಾರನ್ನು ಕರೆತರುತ್ತಾನೆ? ಇಲ್ಲಿಂದ ವಿಷಯದ ಬಣ್ಣ ಬದಲಾಗುತ್ತದೆ. ಕೈಗಾರಿಕಾ ವ್ಯವಸ್ಥೆಗಳ ಭದ್ರತೆ ನೋಡುವ ಡ್ರಾಗೋಸ್ ಕಂಪನಿ 2022ರ ಜುಲೈನಲ್ಲಿ ಒಂದು ವರದಿ ಪ್ರಕಟಿಸಿತು. ಮರೆತ ಪಿಎಲ್‌ಸಿ ಪಾಸ್‌ವರ್ಡನ್ನು ಹುಡುಕಿ ಕೊಡುತ್ತೇವೆ ಎಂಬ ಜಾಹೀರಾತಿನೊಂದಿಗೆ ಸಾಮಾಜಿಕ ಜಾಲತಾಣಗಳಲ್ಲಿ ಬಿಕರಿಯಾಗುತ್ತಿದ್ದ ಪುಟ್ಟ ಸಾಫ್ಟ್‌ವೇರ್‌ಗಳ ಕಥೆ ಅದು. ಓಮ್ರಾನ್, ಸೀಮೆನ್ಸ್, ಮಿತ್ಸುಬಿಷಿ, ಆಲೆನ್ ಬ್ರಾಡ್ಲಿ, ಡೆಲ್ಟಾ ಹೀಗೆ ನಮ್ಮ ಸಣ್ಣ ಕಾರ್ಖಾನೆಗಳ ಪ್ಯಾನೆಲ್ ತೆರೆದರೆ ಕಾಣುವ ಹೆಸರುಗಳಿಗೆಲ್ಲ ಅಂಥದ್ದೊಂದು ಸಿಗುತ್ತಿತ್ತು. ಆಟೊಮೇಷನ್ ಡೈರೆಕ್ಟ್ ಕಂಪನಿಯ ಡೈರೆಕ್ಟ್‌ಲಾಜಿಕ್ 06 ಪಿಎಲ್‌ಸಿಗೆಂದು ಮಾಡಿದ ಸಾಫ್ಟ್‌ವೇರನ್ನು ಅವರು ಬಿಚ್ಚಿ ನೋಡಿದರು. ಅದು ಹೇಳಿದ ಕೆಲಸವನ್ನು ಮಾಡುತ್ತಿತ್ತು. ಪಿಎಲ್‌ಸಿಯ ಫರ್ಮ್‌ವೇರ್‌ನಲ್ಲಿದ್ದ ಒಂದು ದೋಷವನ್ನು ಬಳಸಿ ಪಾಸ್‌ವರ್ಡನ್ನು ಹೊರಗೆ ಎಳೆಯುತ್ತಿತ್ತು. ಜೊತೆಗೇ ಎಂಜಿನಿಯರನ ಕಂಪ್ಯೂಟರಿನಲ್ಲಿ ಸ್ಯಾಲಿಟಿ ಎಂಬ ಹಳೆಯ ಮಾಲ್‌ವೇರನ್ನು ಬಿತ್ತುತ್ತಿತ್ತು. ಸ್ಯಾಲಿಟಿ ಆ ಕಂಪ್ಯೂಟರನ್ನು ಯಾರದೋ ಹಿಡಿತದಲ್ಲಿರುವ ಜಾಲಕ್ಕೆ ಸೇರಿಸುತ್ತದೆ, ಆಂಟಿವೈರಸ್ಸನ್ನು ಕೊಲ್ಲುತ್ತದೆ, ಯುಎಸ್‌ಬಿ ಮೂಲಕವೂ ಜಾಲದಲ್ಲಿ ಹಂಚಿಕೊಂಡ ಫೋಲ್ಡರುಗಳ ಮೂಲಕವೂ ಹರಡುತ್ತದೆ. ಹೊರಗಿನಿಂದ ಯಾರೂ ನುಗ್ಗಬೇಕಾಗಿ ಬರಲಿಲ್ಲ, ಬಳಸಿದವನೇ ದುಡ್ಡು ಕೊಟ್ಟು ಒಳಗೆ ಬಿಟ್ಟುಕೊಂಡ. ಮಾಡಿದವರ ಗುರಿ ಯಂತ್ರವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕ್ಲಿಪ್‌ಬೋರ್ಡಿನಲ್ಲಿ ಸಿಕ್ಕ ಕ್ರಿಪ್ಟೊ ಹಣದ ವಿಳಾಸ ತಿದ್ದಿ ಹಣ ಹೊಡೆಯುವುದಷ್ಟೇ ಅವರ ಉದ್ದೇಶವಾಗಿದ್ದಂತೆ ತೋರುತ್ತದೆ. ಆದರೆ ಯಂತ್ರ ಪಾರಾದದ್ದು ಅವರ ಆಸಕ್ತಿ ಬೇರೆ ಕಡೆ ಇದ್ದುದರಿಂದ, ನಮ್ಮ ಎಚ್ಚರದಿಂದ ಅಲ್ಲ.

ಕ್ರ್ಯಾಕಿನ ಜೊತೆ ಬರುವ ಸೂಚನೆಗಳ ಮೊದಲ ಸಾಲು ಸಾಮಾನ್ಯವಾಗಿ ಒಂದೇ: ಆಂಟಿವೈರಸ್ ನಿಲ್ಲಿಸಿ. ಆ ಸಾಲಿಗೆ ತಲೆಬಾಗಿದ ಗಳಿಗೆಯೇ ಪ್ರಮಾದದ ಗಳಿಗೆ. ಒಳಗೆ ವಿಷ ಇದೆಯೋ ಇಲ್ಲವೋ ಆಮೇಲಿನ ಮಾತು. ನೋಡುವ ಕಣ್ಣನ್ನು ನಾವೇ ಮುಚ್ಚಿ, ಹೆಸರಿಲ್ಲದವನೊಬ್ಬ ತಿದ್ದಿದ ಕಡತಕ್ಕೆ ಆಡಳಿತದ ಪೂರ್ಣ ಅಧಿಕಾರ ಕೊಟ್ಟು, ಅದೇ ಕಂಪ್ಯೂಟರಿಗೆ ಪ್ರೆಸ್ಸಿನ ಕೇಬಲ್ ಚುಚ್ಚಿದ್ದೇವೆ.

ಅಸಲಿ ಸಾಫ್ಟ್‌ವೇರ್ ಏನು ಗಂಗೆಯೇ ಎಂದು ಇಲ್ಲಿ ಯಾರಾದರೂ ಕೇಳಬಹುದು. ಕೇಳಲೇಬೇಕು. 2010ರ ಜೂನ್‌ನಲ್ಲಿ ಬೆಲಾರೂಸಿನ ಒಂದು ಆಂಟಿವೈರಸ್ ಕಂಪನಿ ಕಂಡುಹಿಡಿದ ಸ್ಟಕ್ಸ್‌ನೆಟ್ ಎಂಬ ಮಾಲ್‌ವೇರ್ ಸೀಮೆನ್ಸ್‌ನ ಅಸಲಿ ಸ್ಟೆಪ್ 7 ಸಾಫ್ಟ್‌ವೇರ್‌ನೊಳಗೇ ಸೇರಿಕೊಂಡಿತು. ಪಿಎಲ್‌ಸಿಯೊಡನೆ ಮಾತಾಡುವ ಕಡತವನ್ನು ತೆಗೆದು ತನ್ನದನ್ನು ಆ ಜಾಗದಲ್ಲಿ ಇಟ್ಟಿತು. ಎಂಜಿನಿಯರ್ ಪ್ರೋಗ್ರಾಂ ತೆರೆದು ನೋಡಿದರೆ ತಾನು ಸೇರಿಸಿದ ಭಾಗ ಅವನಿಗೆ ಕಾಣದಂತೆ ಮರೆಮಾಡಿತು. ಅದರಿಂದ ಇರಾನಿನ ನತಾಂಜ್ ಅಣುಕೇಂದ್ರದಲ್ಲಿ ಯುರೇನಿಯಂ ಸೆಂಟ್ರಿಫ್ಯೂಜ್‌ಗಳು ಕೆಟ್ಟವು. ಸೀಮೆನ್ಸ್‌ನ ವಿನ್‌ಸಿಸಿ ಸಾಫ್ಟ್‌ವೇರ್‌ನಲ್ಲಿ ಕಂಪನಿಯೇ ಹುದುಗಿಸಿದ್ದ, ಹೊರಗೆ ಸೋರಿದ್ದ ಪಾಸ್‌ವರ್ಡ್ ಕೂಡ ಈ ದಾಳಿಗೆ ನೆರವಾಯಿತು, ಅದನ್ನು ಬದಲಿಸಬೇಡಿ, ಕಾರ್ಖಾನೆ ನಿಂತೀತು ಎಂದು ಆ ಹೊತ್ತಿನಲ್ಲಿ ಸೀಮೆನ್ಸ್ ಗ್ರಾಹಕರಿಗೆ ಹೇಳಬೇಕಾಯಿತು. ಡೈರೆಕ್ಟ್‌ಲಾಜಿಕ್ ಪ್ರಕರಣದಲ್ಲಿಯೂ ದೋಷವಿದ್ದದ್ದು ಅಸಲಿ ಫರ್ಮ್‌ವೇರ್‌ನಲ್ಲೇ. ಹೀಗಾಗಿ ಅಸಲಿ ಎಂಬುದು ಶುದ್ಧಿಯ ಪ್ರಮಾಣಪತ್ರವಲ್ಲ, ಅದನ್ನು ಹಾಗೆ ಮಾರುವವರ ಮಾತನ್ನು ನಂಬಬೇಕಾಗಿಯೂ ಇಲ್ಲ. ವ್ಯತ್ಯಾಸ ಇರುವುದು ದೋಷ ಕಂಡ ಮೇಲೆ. ಡೈರೆಕ್ಟ್‌ಲಾಜಿಕ್‌ನ ದೋಷವನ್ನು ತಯಾರಕರಿಗೆ ತಿಳಿಸಲಾಯಿತು, ಅವರು ಫರ್ಮ್‌ವೇರ್ ತಿದ್ದಿ ಹೊರಬಿಟ್ಟರು. ಕ್ರ್ಯಾಕ್ ಮಾಡಿದವನ ಬಾಗಿಲನ್ನು ಹೀಗೆ ತಟ್ಟಲು ಅವನಿಗೆ ಬಾಗಿಲೇ ಇಲ್ಲ. ನಮ್ಮ ಯಂತ್ರ ಇಂಟರ್ನೆಟ್ಟಿಗೇ ಸೇರಿಲ್ಲವಲ್ಲ ಎಂಬ ಸಮಾಧಾನಕ್ಕೂ ನತಾಂಜ್ ಉತ್ತರ ಕೊಟ್ಟಾಗಿದೆ. ಅದೂ ಸೇರಿರಲಿಲ್ಲ. ಭದ್ರತಾ ಕಂಪನಿ ಸಿಮ್ಯಾಂಟೆಕ್‌ನ ಲೆಕ್ಕದಲ್ಲಿ ಇರಾನ್, ಇಂಡೋನೇಷ್ಯಾಗಳ ಬಳಿಕ ಸ್ಟಕ್ಸ್‌ನೆಟ್ ಅತಿ ಹೆಚ್ಚು ಕಂಪ್ಯೂಟರುಗಳಲ್ಲಿ ಸಿಕ್ಕಿದ್ದು ಭಾರತದಲ್ಲಿ.

ದೋಷ ಕಂಡಾಗ ತಟ್ಟಲು ಬಾಗಿಲಿರಬೇಕು, ಉತ್ತರ ಹೇಳುವವರ ಸರಪಳಿ ಇರಬೇಕು ಎಂಬುದು ನಮ್ಮ ಕಾನೂನಿಗೂ ಹೊಸದಲ್ಲ. ಭೋಪಾಲದ ದುರಂತದ ಬಳಿಕ, 1987ರಲ್ಲಿ, 1948ರ ಕಾರ್ಖಾನೆ ಕಾಯ್ದೆಗೆ 7ಎ ಮತ್ತು 7ಬಿ ಎಂಬ ಕಲಮುಗಳು ಸೇರಿದವು. ಮೊದಲನೆಯದು ಕಾರ್ಮಿಕರ ಸುರಕ್ಷತೆಯ ಹೊಣೆಯನ್ನು ಕಾರ್ಖಾನೆ ನಡೆಸುವವರ ಮೇಲೆ ಹೊರಿಸಿತು. ಎರಡನೆಯದು ಅಲ್ಲಿ ಬಳಸುವ ಸಾಧನವನ್ನು ರೂಪಿಸಿದವರು, ತಯಾರಿಸಿದವರು, ಪೂರೈಸಿದವರೂ ಹೊಣೆ ಎಂದಿತು. ಯಂತ್ರದ ಬಳಿ ನಿಂತವನ ಬೆನ್ನಿಗೆ ಇಬ್ಬರನ್ನು ನಿಲ್ಲಿಸುವ ಯೋಚನೆ ಇದು. ಕೀಲಿ ಮುರಿದ ಸಾಧನ ಬಳಸಿದಾಗ ಇಬ್ಬರಲ್ಲಿ ಒಬ್ಬ ಸದ್ದಿಲ್ಲದೆ ಜಾಗ ಬಿಡುತ್ತಾನೆ. ನಾವು ಕೊಟ್ಟ ಸಾಫ್ಟ್‌ವೇರ್ ಇದಲ್ಲ ಎಂದು ತಯಾರಕರು ಹೇಳಿದರೆ ಆ ಮಾತು ಸರಿಯಾಗಿಯೇ ಇರುತ್ತದೆ. ಹೆಲ್ಪರ್‌ಗೆ ಇದ್ದ ಒಂದು ಆಸರೆಯನ್ನು ಅವನ ಪರವಾಗಿ ಬೇರೆ ಯಾರೋ ಬಿಟ್ಟುಕೊಟ್ಟರು. ತತ್ತ್ವಾರ್ಥಸೂತ್ರದ ಪಟ್ಟಿಯಲ್ಲಿ ಇದಕ್ಕೆ ಜಾಗ ಹುಡುಕುವುದಾದರೆ ಕದ್ದ ಮಾಲಿನ ಸಾಲಿಗಿಂತ ಸುಳ್ಳು ತಕ್ಕಡಿಯ ಸಾಲು ಹೆಚ್ಚು ಹೊಂದುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹೊಟ್ಟೆಯದು. ಲೈನ್ ಎರಡು ದಿನ ನಿಂತರೆ ಆರ್ಡರ್ ಕೈತಪ್ಪುತ್ತದೆ, ಆರ್ಡರ್ ತಪ್ಪಿದರೆ ಕೂಲಿ ತಪ್ಪುತ್ತದೆ. ಆ ಹೆಲ್ಪರ್‌ನ ಮನೆಯ ಒಲೆ ಉರಿಯಲೆಂದೇ ಕ್ರ್ಯಾಕ್ ಹಾಕಿದೆವು, ಆಪತ್ತಿಗೆ ಬೇರೆ ಧರ್ಮ ಇಲ್ಲವೇ? ಇದೆ. ಮಹಾಭಾರತದ ಶಾಂತಿಪರ್ವ ಆಪದ್ಧರ್ಮಕ್ಕೆ ಒಂದು ಭಾಗವನ್ನೇ ಮೀಸಲಿಟ್ಟಿದೆ. ಹನ್ನೆರಡು ವರ್ಷ ಮಳೆ ಹೋದ ಕಾಲದಲ್ಲಿ ಹಸಿವಿನಿಂದ ಬೆಂದ ವಿಶ್ವಾಮಿತ್ರ ಚಂಡಾಲನೊಬ್ಬನ ಗುಡಿಸಲಿನಿಂದ ನಾಯಿಮಾಂಸ ತೆಗೆದುಕೊಳ್ಳುವ ಪ್ರಸಂಗ ಅಲ್ಲಿ ಬರುತ್ತದೆ. ಕಳವಿಗೆ ವಿನಾಯಿತಿ ಕೇಳುವವರೆಲ್ಲ ಆ ಕಥೆಯನ್ನು ಮುಂದಿಡುತ್ತಾರೆ, ಪೂರ್ತಿ ಓದುವವರು ಕಡಿಮೆ. ಚಂಡಾಲ ಎಚ್ಚರವಾಗಿಯೇ ಇರುತ್ತಾನೆ, ಋಷಿಯನ್ನು ತಡೆಯುತ್ತಾನೆ, ಇಬ್ಬರ ನಡುವೆ ಉದ್ದಕ್ಕೂ ವಾದ ನಡೆಯುತ್ತದೆ, ಧರ್ಮದ ಪಕ್ಷ ಹಿಡಿದು ಮಾತಾಡುವವನು ಅಲ್ಲಿ ಚಂಡಾಲನೇ. ವಿಶ್ವಾಮಿತ್ರ ತಾನು ಮಾಡುವುದನ್ನು ಮುಚ್ಚಿಡುವುದಿಲ್ಲ, ಅದಕ್ಕೆ ಒಳ್ಳೆಯ ಹೆಸರನ್ನೂ ಇಡುವುದಿಲ್ಲ. ಪಾಪವೆಂಬುದೇನಿದ್ದರೂ ತಗಲುವುದು ಅವನ ಮೈಗೇ. ಮಳೆ ಬಂದ ಮೇಲೆ ಆಪತ್ತು ಮುಗಿಯುತ್ತದೆ, ಅವನು ತಪಸ್ಸಿನಿಂದ ಆ ಪಾಪವನ್ನು ಸುಟ್ಟುಕೊಳ್ಳುತ್ತಾನೆ. ಕಾರ್ಖಾನೆಯ ಆಪತ್ತನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆ ಎಲ್ಲಿ ಮುರಿಯುತ್ತದೆಂದು ಕಾಣುತ್ತದೆ. ನಿರ್ಧಾರ ಮಾಡುವವನು ಮೇಂಟೆನೆನ್ಸ್ ಕೋಣೆಯಲ್ಲೋ ಮಾಲೀಕರ ಕ್ಯಾಬಿನ್‌ನಲ್ಲೋ ಇರುತ್ತಾನೆ. ಪರಿಣಾಮ ಮೈಮೇಲೆ ಬರುವವನು ಪ್ರೆಸ್ಸಿನ ಎದುರು. ಅವನೊಡನೆ ವಾದವಿರಲಿ, ಒಂದು ಮಾತೂ ಆಗಿರುವುದಿಲ್ಲ. ಇನ್ನು ಮಳೆಯ ವಿಚಾರ: ಆ ರಾತ್ರಿಗೆಂದು ಹಾಕಿದ ಕ್ರ್ಯಾಕ್ ಬೆಳಗಾದ ಮೇಲೆ ಹೋಗುವುದಿಲ್ಲ. ಲೈನ್ ಓಡತೊಡಗಿದ ಮೇಲೆ ಅದನ್ನು ತೆಗೆಯಲು ಯಾರಿಗೂ ಕಾರಣ ಇರುವುದಿಲ್ಲ. ಮುಂದಿನ ಯಂತ್ರಕ್ಕೂ ಅದೇ ಲ್ಯಾಪ್‌ಟಾಪ್ ಹೋಗುತ್ತದೆ, ಹೊಸ ಹುಡುಗನಿಗೆ ಅದೇ ಪೆನ್‌ಡ್ರೈವ್ ಸಿಗುತ್ತದೆ. ಹತ್ತು ವರ್ಷದ ಆಪತ್ತು ಎಂದರೆ ಅದು ಆಪತ್ತಲ್ಲ, ಪದ್ಧತಿ.

ಕೂಲಿಯ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವಾದಷ್ಟೂ ಕೂಲಿಯವನನ್ನು ಕೇಳಬೇಕಾದ ಹೊಣೆ ಹೆಚ್ಚುತ್ತದೆ. ಯಂತ್ರದ ಪ್ರೋಗ್ರಾಂ ತೆರೆಯಲು ಈ ರಾತ್ರಿ ನಂಬಿಕೆಯಿಲ್ಲದ ಸಾಧನ ಬಳಸಿದ್ದೇವೆ. ಎಮರ್ಜೆನ್ಸಿ ಸ್ಟಾಪ್, ಇಂಟರ್‌ಲಾಕ್, ಲೈಟ್ ಕರ್ಟನ್ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸುವವರೆಗೆ ಯಾರೂ ಕೈ ಹಾಕಬೇಡಿ ಎಂದು ಪಾಳಿಗೆ ಹೇಳಿ, ಲಾಗ್ ಪುಸ್ತಕದಲ್ಲಿ ಬರೆದಿಡುವ ಕಾರ್ಖಾನೆಯನ್ನು ಕಳ್ಳ ಎನ್ನಲು ನನಗೆ ನಾಲಿಗೆ ಬಾರದು. ಕೃತಿಸ್ವಾಮ್ಯದ ಲೆಕ್ಕ ಆಮೇಲೆ ಚುಕ್ತಾ ಆಗಲಿ. ಆದರೆ ಕಾನೂನುಬಾಹಿರವಾದದ್ದನ್ನು ಲಾಗ್ ಪುಸ್ತಕದಲ್ಲಿ ಯಾರು ಬರೆಯುತ್ತಾರೆ? ಪೈರಸಿ ತಂದೊಡ್ಡುವ ದೊಡ್ಡ ಅಪಾಯ ಬಹುಶಃ ಮಾಲ್‌ವೇರ್ ಕೂಡ ಅಲ್ಲ, ಈ ಮೌನ. ಬರೆಯಲಾಗದ್ದನ್ನು ಪರೀಕ್ಷಿಸಿ ಎಂದು ಇನ್ನೊಬ್ಬರಿಗೆ ಹೇಳುವಂತಿಲ್ಲ, ಪರೀಕ್ಷಿಸದ್ದು ಮುಂದಿನ ಪಾಳಿಗೆ ಹಾಗೆಯೇ ದಾಟುತ್ತದೆ.

ಇಷ್ಟೆಲ್ಲ ಹೇಳುತ್ತೀರಿ, ಕ್ರ್ಯಾಕಿನಿಂದ ಕೈ ಕಳೆದುಕೊಂಡವನೊಬ್ಬನನ್ನು ತೋರಿಸಿ ಎನ್ನುವವರಿಗೂ ಉತ್ತರ ಆ ಮೌನದಲ್ಲಿಯೇ ಇದೆ. ಅಪಘಾತದ ವರದಿಗೆ ಯಂತ್ರದ ಹೆಸರು ಬರುತ್ತದೆ, ಗಾರ್ಡ್ ಇತ್ತೇ ಇಲ್ಲವೇ ಎಂಬುದು ಬರುತ್ತದೆ. ಲ್ಯಾಪ್‌ಟಾಪಿನಲ್ಲಿದ್ದ ಸಾಫ್ಟ್‌ವೇರ್‌ನ ಮೂಲ ಯಾವುದು ಎಂದು ಯಾರೂ ದಾಖಲೆಗೆ ಕೊಡುವುದಿಲ್ಲ. ಮುಚ್ಚಿಟ್ಟಿದ್ದಕ್ಕೆ ಸಾಕ್ಷ್ಯವಿಲ್ಲ ಎಂಬುದು ಮುಚ್ಚಿಟ್ಟವನ ಪರವಾದ ಸಾಕ್ಷ್ಯವಾಗಲಾರದು. ಆದರೆ ಈ ತರ್ಕಕ್ಕಿಂತ ಮುಖ್ಯವಾದದ್ದು ಪೂಜ್ಯಪಾದನ ಮಾತು. ಫಲ ಘಟಿಸಿತೋ ಇಲ್ಲವೋ ಎಂಬುದರ ಮೇಲೆ ಪ್ರಮಾದದ ತೂಕ ನಿಲ್ಲುವುದಿಲ್ಲ. ಹಿಂಸೆಯ ವಿಚಾರದಲ್ಲೂ ಜೈನರ ನಿಲುವು ಇದೇ: ಎಚ್ಚರವಿಟ್ಟು ನಡೆದವನ ಕಾಲಡಿ ಇರುವೆ ಸತ್ತರೆ ಆಗುವ ದೋಷಕ್ಕಿಂತ, ನೋಡದೆ ನಡೆದವನ ಕಾಲಡಿ ಏನೂ ಸಾಯದಿದ್ದರೂ ಆಗುವ ದೋಷ ಹೆಚ್ಚು. ಕಾರ್ಖಾನೆಯ ಸುರಕ್ಷತೆಯನ್ನು ನೋಡಿಕೊಳ್ಳುವವರು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ. ಗಾರ್ಡ್ ತೆಗೆದು ಓಡಿಸಿದ ಯಂತ್ರ ಯಾರನ್ನೂ ಗಾಯಗೊಳಿಸದಿದ್ದರೂ ಗಾರ್ಡ್ ತೆಗೆದದ್ದು ತಪ್ಪೇ. ಅದನ್ನು ಒಪ್ಪುವವರು ಸಾಫ್ಟ್‌ವೇರ್ ಮಾತು ಬಂದಾಗ ಮಾತ್ರ ರಕ್ತ ತೋರಿಸಿ ಎನ್ನುವುದು ವಿಚಿತ್ರ.

ಹಾಗೆಂದು ಎಲ್ಲ ಪ್ರಮಾದವೂ ಬಳಸುವವನದಲ್ಲ. ಮೂವತ್ತು ವರ್ಷ ಬಾಳುವ ಯಂತ್ರಕ್ಕೆ ಹತ್ತು ವರ್ಷವೂ ಬಾಳದ ಕೀಲಿ ಕೊಟ್ಟು, ಸರಣಿ ನಿಲ್ಲಿಸಿದ ದಿನ ಕೀಲಿಯನ್ನೂ ಜೇಬಿಗೆ ಹಾಕಿಕೊಂಡು ನಡೆಯುವ ಕಂಪನಿಯೂ ಕಾರ್ಮಿಕನ ಬೆರಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮಾರಾಟ ನಿಲ್ಲಿಸಿದ ಸಾಫ್ಟ್‌ವೇರ್‌ನ ಕಾಯಂ ಪರವಾನಗಿಯನ್ನು ಹಳೆಯ ಗ್ರಾಹಕರಿಗೆ ಬಿಟ್ಟುಕೊಟ್ಟರೆ ಕಂಪನಿಗೆ ಆಗುವ ನಷ್ಟ ಅಲ್ಪ. ಕೊಡದಿದ್ದರೆ ಆ ಗ್ರಾಹಕರನ್ನು ಹೆಸರಿಲ್ಲದವರ ಬಾಗಿಲಿಗೆ ಅಟ್ಟಿದವರು ಕಂಪನಿಯವರೇ ಆಗುತ್ತಾರೆ. ತೆರೆದ ಬೀದಿಗಳು ಇಲ್ಲವೆಂದಲ್ಲ. ಪಿಎಲ್‌ಸಿ ಭಾಷೆಗಳನ್ನು ಒಂದು ಮಾನಕಕ್ಕೆ ತಂದ ಐಇಸಿ 61131-3 ಹೊರಬಂದದ್ದು 1993ರಲ್ಲಿ. ಅದನ್ನು ಅನುಸರಿಸುವ ಕೋಡೆಸಿಸ್‌ನಂಥ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಹಣವಿಲ್ಲದೆ ಸಿಗುತ್ತದೆ. ಆಟೊಮೇಷನ್ ಡೈರೆಕ್ಟ್ ಕೂಡ ತನ್ನ ಹೊಸ ಸರಣಿಗಳಲ್ಲಿ ಕೆಲವಕ್ಕೆ ಉಚಿತವಾಗಿಯೇ ಕೊಡುತ್ತದೆ. ಆದರೆ ಈಗಾಗಲೇ ಎಸ್5 ಕೂತಿರುವ ಪ್ರೆಸ್ಸಿಗೆ ಇವು ನೇರವಾಗಿ ಉಪಯೋಗಕ್ಕೆ ಬಾರವು, ಪಿಎಲ್‌ಸಿಯನ್ನೇ ಬದಲಿಸಿ ಪ್ರೋಗ್ರಾಂ ಹೊಸದಾಗಿ ಬರೆಯಬೇಕು, ಅದಕ್ಕೆ ಹಣ ಬೇಕು. ಆ ಹಣ ಒದಗುವವರೆಗೆ ಉಳಿಯುವುದು ಬೇಸರ ತರಿಸುವಷ್ಟು ಸಾಮಾನ್ಯವಾದ ಕೆಲಸಗಳು: ಓಡುತ್ತಿರುವಾಗಲೇ ಪ್ರೋಗ್ರಾಂ ಬ್ಯಾಕಪ್ ತೆಗೆದಿಡುವುದು, ಹಳೆಯ ಪರವಾನಗಿಯ ಬಿಲ್ಲು ಹುಡುಕಿ ತಯಾರಕರಿಗೆ ಪತ್ರ ಬರೆಯುವುದು, ಪ್ರೋಗ್ರಾಮಿಂಗ್ ಲ್ಯಾಪ್‌ಟಾಪನ್ನು ಬೇರೆ ಯಾವುದಕ್ಕೂ ಬಳಸದೆ ಪ್ರತ್ಯೇಕವಾಗಿಡುವುದು. ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವಾಗ ಸೋರ್ಸ್ ಪ್ರೋಗ್ರಾಂ, ಪಾಸ್‌ವರ್ಡ್, ಪರವಾನಗಿ ಈ ಮೂರನ್ನೂ ಹಸ್ತಾಂತರಿಸದೆ ಕೊನೆಯ ಕಂತು ಪಾವತಿಯಿಲ್ಲ ಎಂದು ಖರೀದಿ ಆರ್ಡರಿನಲ್ಲಿ ಒಂದು ಸಾಲು ಸೇರಿಸಬಹುದು. ರಾತ್ರಿ ಪಾಳಿಯ ಪ್ರಮಾದ ಅನೇಕ ಕಡೆ ಶುರುವಾಗುವುದು ವರ್ಷಗಳ ಹಿಂದೆ ಖರೀದಿ ವಿಭಾಗದ ಮೇಜಿನ ಮೇಲೆ, ಆ ಸಾಲನ್ನು ಬರೆಯದೆ ಸಹಿ ಹಾಕಿದಾಗ.